ದೇವರಿಗೆ ನೈವೇದ್ಯ ಏಕೆ? ಚೆನ್ನೈ ದೇಗುಲಗಳ ಪೊಂಗಲ್, ಅಂಬಲಿ, ವಡೆಮಾಲೆ ಹೇಳುವ ಅರ್ಥವೇನು?

ಚೆನ್ನೈ: ದೇವಸ್ಥಾನಕ್ಕೆ ಹೊರಟವರು ಬರಿಗೈಲಿ ಹೋಗುವುದಿಲ್ಲ. ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿ, ವೀಳ್ಯದೆಲೆ, ಒಂದು ಮೊಳ ಹೂವು, ಊದುಬತ್ತಿ, ಕರ್ಪೂರ ಇಷ್ಟಾದರೂ ತಟ್ಟೆಯಲ್ಲಿರುತ್ತದೆ. ಚೆನ್ನೈನ ಮೈಲಾಪುರವಾಗಲಿ, ಬೆಂಗಳೂರಿನ ಗವಿಪುರವಾಗಲಿ, ತಟ್ಟೆಯ ಸಾಮಾನು ಹೆಚ್ಚುಕಮ್ಮಿ ಒಂದೇ. ಪೂಜೆ ಮುಗಿದ ಮೇಲೆ ಅರ್ಧ ಕಾಯಿ, ಒಂದು ಹಣ್ಣು, ನಾಲ್ಕು ಎಸಳು ಹೂವು ನಮ್ಮ ಕೈಗೇ ವಾಪಸ್ ಬರುತ್ತದೆ.

ದೇವರು ತಿನ್ನುವುದಿಲ್ಲ ಎಂದ ಮೇಲೆ ಅವನ ಮುಂದೆ ಇಡುವುದೇಕೆ? ಎಲ್ಲವನ್ನೂ ಕೊಟ್ಟವನೇ ಅವನಾದರೆ ಅವನಿಗೆ ನಾವು ಕೊಡುವುದೇನು? ಮಕ್ಕಳು ಕೇಳುವ ಈ ಪ್ರಶ್ನೆಗೆ ಮನೆಯ ಹಿರಿಯರು ಸಾಮಾನ್ಯವಾಗಿ "ಮೊದಲಿಂದಲೂ ನಡೆದು ಬಂದಿದೆ" ಎಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಇದಕ್ಕೆ ಉತ್ತರವಿದೆ. ಚೆನ್ನೈನ ಹಳೆಯ ದೇವಸ್ಥಾನಗಳ ಅಡುಗೆಮನೆ, ಶಾಸನ ಮತ್ತು ಬೀದಿ ಉತ್ಸವಗಳನ್ನು ನೋಡಿದರೆ ಆ ಉತ್ತರ ಚೆನ್ನಾಗಿಯೇ ಅರ್ಥವಾಗುತ್ತದೆ.

ನೈವೇದ್ಯ ಎಂದರೆ ಅರಿಕೆ

'ನೈವೇದ್ಯ' ಪದ ಬಂದಿರುವುದು 'ನಿವೇದನೆ'ಯಿಂದ. ನಿವೇದಿಸುವುದು ಎಂದರೆ ತಿಳಿಸುವುದು, ಅರಿಕೆ ಮಾಡಿಕೊಳ್ಳುವುದು. ಪದದ ಮೂಲದಲ್ಲಿ ದೇವರಿಗೆ ಉಣ್ಣಿಸುವ ಮಾತಿಲ್ಲ. "ಇದು ನಿನ್ನಿಂದ ಬಂದದ್ದು, ನಿನ್ನ ಮುಂದೆ ಇಟ್ಟಿದ್ದೇನೆ" ಎಂದು ಹೇಳಿಕೊಳ್ಳುವುದೇ ನೈವೇದ್ಯ. ನಮ್ಮ ಹಳ್ಳಿಗಳಲ್ಲಿ ಇದನ್ನೇ 'ಎಡೆ ಇಡುವುದು' ಎನ್ನುತ್ತಾರೆ.

ಯಜ್ಞದಲ್ಲಿ ಆಹುತಿ ಹಾಕುವಾಗ ಕೊನೆಗೆ 'ನ ಮಮ' ಎಂದು ಹೇಳುವ ಪದ್ಧತಿಯಿದೆ. 'ಇದು ನನ್ನದಲ್ಲ' ಎಂದು ಅದರ ಅರ್ಥ. ಅಗ್ನಿಯ ಜಾಗದಲ್ಲಿ ಮೂರ್ತಿ ಬಂದಾಗಲೂ ಅದೇ ಭಾವ ಮುಂದುವರಿಯಿತು. ನೈವೇದ್ಯ ಮಾಡುವಾಗ ತಟ್ಟೆಯ ಸುತ್ತ ನೀರು ಸುತ್ತುವುದು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ಪ್ರಾಣವಾಯುಗಳ ಹೆಸರು ಹೇಳಿ ಕೈ ತೋರಿಸುವುದು ಎಲ್ಲವೂ ಊಟಕ್ಕೆ ಕೂತವರು ಮಾಡುವ ಪರಿಷೇಚನೆಯನ್ನೇ ಹೋಲುತ್ತವೆ. ಮನೆಗೆ ಬಂದ ಅತಿಥಿಗೆ ಏನೇನು ಮಾಡುತ್ತೇವೋ ಅದನ್ನೇ ದೇವರಿಗೂ ಮಾಡುವುದು ಪೂಜೆಯ ಕ್ರಮ.

ದೇವರಿಗೆ ಇಟ್ಟು ತೆಗೆದ ಮೇಲೆ ಅದೇ ಅನ್ನದ ಹೆಸರು ಬದಲಾಗುತ್ತದೆ. ಒಳಗೆ ಹೋಗುವಾಗ ನೈವೇದ್ಯ, ಹೊರಗೆ ಬರುವಾಗ ಪ್ರಸಾದ. ಪ್ರಸಾದ ಎಂದರೆ ಅನುಗ್ರಹ ಎಂಬ ಅರ್ಥವಿದೆ, ಮನಸ್ಸು ತಿಳಿಯಾಗುವುದು ಎಂಬ ಅರ್ಥವೂ ಇದೆ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಈ ಪದ ಬರುವುದು ಮನಸ್ಸಿನ ಪ್ರಸನ್ನತೆ ಎಂಬ ಅರ್ಥದಲ್ಲೇ.

ಐದು ಉಪಚಾರ, ಐದು ಭೂತ

ಪೂಜೆಯಲ್ಲಿ ಹದಿನಾರು ಉಪಚಾರಗಳಿವೆ. ಸಮಯ ಇಲ್ಲದವರಿಗೆ ಐದು ಸಾಕು. ಇದೇ ಪಂಚೋಪಚಾರ. ಮಾನಸ ಪೂಜೆಯ ಕ್ರಮದಲ್ಲಿ ಈ ಐದನ್ನೂ ಪಂಚಭೂತಗಳ ಜೊತೆ ಹೊಂದಿಸಲಾಗಿದೆ:

* ಗಂಧ - ಭೂಮಿ. ವಾಸನೆ ಭೂಮಿಯ ಗುಣ ಎಂದು ಶಾಸ್ತ್ರ ಹೇಳುತ್ತದೆ.
* ಹೂವು - ಆಕಾಶ.
* ಧೂಪ - ಗಾಳಿ. ಹೊಗೆ ಗಾಳಿಯ ದಾರಿಯನ್ನು ತೋರಿಸುತ್ತದೆ.
* ದೀಪ - ಬೆಂಕಿ.
* ನೈವೇದ್ಯ - ನೀರು. ಇದನ್ನು ಅಮೃತ ರೂಪ ಎನ್ನುತ್ತಾರೆ. ರುಚಿ ನೀರಿನ ಗುಣ.

ಮನುಷ್ಯನ ದೇಹವೂ ಇದೇ ಐದರಿಂದ ಆಗಿದೆ ಎಂಬುದು ನಂಬಿಕೆ. ಹಾಗಾಗಿ ಈ ಐದನ್ನು ಅರ್ಪಿಸುವುದು ತನ್ನನ್ನೇ ಅರ್ಪಿಸಿಕೊಂಡಂತೆ. ಮೂಗು, ಕಣ್ಣು, ನಾಲಿಗೆಗೆ ಹಿತವಾದದ್ದನ್ನು ಮೊದಲು ತಾನು ಅನುಭವಿಸದೆ ಇನ್ನೊಬ್ಬರ ಮುಂದೆ ಇಡುವ ಅಭ್ಯಾಸವೂ ಇದರಲ್ಲಿದೆ. ದೇವರಿಗೆ ಇಡುವ ಅಡುಗೆಯ ರುಚಿಯನ್ನು ಮೊದಲೇ ನೋಡಬಾರದು, ಹೂವನ್ನು ಮೂಸಬಾರದು ಎಂದು ಅಜ್ಜಿಯರು ಹೇಳುವುದು ಇದೇ ಕಾರಣಕ್ಕೆ.

ತಿರುವಲ್ಲಿಕ್ಕೇಣಿ: ಒತ್ತೆ ಹೋದ ಹೊಲ, ಕಡಿಮೆಯಾದ ಅನ್ನ

ಚೆನ್ನೈನ ಟ್ರಿಪ್ಲಿಕೇನ್‌ನ ಮೂಲ ಹೆಸರು ತಿರುವಲ್ಲಿಕ್ಕೇಣಿ. ಇಲ್ಲಿನ ಪಾರ್ಥಸಾರಥಿ ದೇವಸ್ಥಾನ 108 ದಿವ್ಯದೇಶಗಳಲ್ಲಿ ಒಂದು. ಇಲ್ಲಿರುವ ಕೃಷ್ಣ ಅರ್ಜುನನ ಸಾರಥಿ. ಉತ್ಸವಮೂರ್ತಿಯ ಮುಖದ ಮೇಲಿರುವ ಗುರುತುಗಳನ್ನು ಭೀಷ್ಮನ ಬಾಣದ ಗಾಯ ಎಂದೇ ಭಕ್ತರು ನಂಬುತ್ತಾರೆ.

ಅಂದರೆ ಗೀತೆ ಹೇಳಿದ ಕೃಷ್ಣ ಇವನೇ. ಎಲೆ, ಹೂವು, ಹಣ್ಣು, ನೀರು ಇವುಗಳಲ್ಲಿ ಯಾವುದನ್ನಾದರೂ ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುತ್ತೇನೆ ಎಂದು ಅವನು ಹೇಳುವುದು ಒಂಬತ್ತನೇ ಅಧ್ಯಾಯದ 26ನೇ ಶ್ಲೋಕದಲ್ಲಿ. ಈ ನಾಲ್ಕರಲ್ಲಿ ಹಣ ಕೊಟ್ಟು ತರಲೇಬೇಕಾದದ್ದು ಒಂದೂ ಇಲ್ಲ. ಬಡವನಿಗೂ ಸಿಗುವ ವಸ್ತುಗಳನ್ನೇ ಅವನು ಹೆಸರಿಸಿದ್ದಾನೆ. ಮೂರನೇ ಅಧ್ಯಾಯದ 13ನೇ ಶ್ಲೋಕ ಇನ್ನೂ ಖಡಕ್ಕಾಗಿದೆ. ತನಗೊಬ್ಬನಿಗೇ ಎಂದು ಅಡುಗೆ ಮಾಡಿಕೊಳ್ಳುವವನು ಪಾಪವನ್ನೇ ತಿನ್ನುತ್ತಾನೆ ಎಂಬುದು ಅದರ ತಾತ್ಪರ್ಯ.

ಇದೇ ದೇವಸ್ಥಾನದಲ್ಲಿ ಪಲ್ಲವ ದೊರೆ ದಂತಿವರ್ಮನ ಕಾಲದ ಶಾಸನವೊಂದಿದೆ. ಸಾವಿರದ ಇನ್ನೂರು ವರ್ಷದಷ್ಟು ಹಳೆಯದಾದ ಈ ಕಲ್ಲಿನಲ್ಲಿ ಯುದ್ಧ, ಗೆಲುವಿನ ಕಥೆ ಇಲ್ಲ. ಅದರಲ್ಲಿರುವುದು ನೈವೇದ್ಯದ ಅಕ್ಕಿಯ ಲೆಕ್ಕ. ದೇವಸ್ಥಾನಕ್ಕೆ ಸೇರಿದ ಹೊಲವನ್ನು ಅರ್ಚಕರು ಒತ್ತೆ ಇಟ್ಟಿದ್ದರು. ಅದರಿಂದ ದಿನದ ನೈವೇದ್ಯದ ಅಕ್ಕಿ ಕಡಿಮೆಯಾಗಿತ್ತು. ಆಗ ಒಬ್ಬರು ಮುಂದೆ ಬಂದು ಹೊಲವನ್ನು ಬಿಡಿಸಿಕೊಟ್ಟು, ನೈವೇದ್ಯ ಮೊದಲಿನಂತೆ ನಡೆಯುವ ಹಾಗೆ ಮಾಡಿದರು.

ಈ ಶಾಸನ ಎರಡು ವಿಷಯ ತಿಳಿಸುತ್ತದೆ. ನೈವೇದ್ಯದ ಹಿಂದೆ ಹೊಲ, ಬೆಳೆ, ಅಡುಗೆಯವರು, ಉಣ್ಣುವವರು ಎಲ್ಲರೂ ಇದ್ದರು. ಎಲ್ಲೋ ಒಂದು ಕಡೆ ಕೊಂಡಿ ತಪ್ಪಿದರೆ ತಟ್ಟೆಯಲ್ಲಿ ಅನ್ನ ಕಡಿಮೆಯಾಗುತ್ತಿತ್ತು. ಅದನ್ನು ಸರಿಪಡಿಸುವುದು ಕಲ್ಲಿನಲ್ಲಿ ಕೆತ್ತಿಸುವಷ್ಟು ದೊಡ್ಡ ಪುಣ್ಯದ ಕೆಲಸ ಎಂದು ಅಂದಿನವರು ತಿಳಿದಿದ್ದರು.

ಪಾರ್ಥಸಾರಥಿಯ ಸಕ್ಕರೆ ಪೊಂಗಲ್ ಇಂದಿಗೂ ಹೆಸರುವಾಸಿ. ಅಕ್ಕಿ, ಹೆಸರುಬೇಳೆ, ಬೆಲ್ಲ, ತುಪ್ಪ ಹಾಕಿ ಮಾಡುವ ಇದು ನಮ್ಮ ಸಿಹಿ ಹುಗ್ಗಿಯೇ. ವೈಷ್ಣವ ದೇಗುಲಗಳ ಅಡುಗೆಮನೆಗೆ ತಮಿಳಿನಲ್ಲಿ 'ಮಡಪ್ಪಳ್ಳಿ' ಎನ್ನುತ್ತಾರೆ. ಅಲ್ಲಿ ಬೆಂದದ್ದು ಮೊದಲು ಗರ್ಭಗುಡಿಗೆ, ಆಮೇಲೆ ದೊನ್ನೆಗೆ.

ಇದೇ ಟ್ರಿಪ್ಲಿಕೇನ್‌ನಲ್ಲಿ ಕನ್ನಡಿಗರೂ ನಡೆದುಕೊಳ್ಳುವ ರಾಘವೇಂದ್ರ ಸ್ವಾಮಿ ಮಠವಿದೆ. ಮಾಧ್ವ ಪದ್ಧತಿಯಲ್ಲಿ ಗುರುಗಳಿಗೆ ನೇರವಾಗಿ ನೈವೇದ್ಯ ಇಡುವುದಿಲ್ಲ. ಮೊದಲು ಹರಿಗೆ ನೈವೇದ್ಯವಾಗಬೇಕು. ಅದೇ ಪ್ರಸಾದವನ್ನು ಬೃಂದಾವನಕ್ಕೆ 'ಹಸ್ತೋದಕ'ವಾಗಿ ಸಮರ್ಪಿಸುತ್ತಾರೆ. ಗುರುಗಳೂ ಪ್ರಸಾದ ಸ್ವೀಕರಿಸುವವರೇ ಎಂಬುದು ಇದರ ಅರ್ಥ.

ಮೈಲಾಪುರ: ಶಿವನಿಗೆ ಇಟ್ಟದ್ದು ಯಾರಿಗೆ?

ವಿಷ್ಣು ದೇವಾಲಯದಲ್ಲಿ ತೀರ್ಥ, ತುಳಸಿ, ಪ್ರಸಾದ. ಶಿವ ದೇವಾಲಯದಲ್ಲಿ ಮುಖ್ಯವಾಗಿ ವಿಭೂತಿ. ಈ ವ್ಯತ್ಯಾಸಕ್ಕೂ ಕಾರಣವಿದೆ. ಲಿಂಗಕ್ಕೆ ಅರ್ಪಿಸಿದ ನಿರ್ಮಾಲ್ಯ ಚಂಡಿಕೇಶ್ವರನ ಪಾಲು ಎಂಬುದು ಶೈವ ಆಗಮದ ಸಂಪ್ರದಾಯ. ತಮಿಳುನಾಡಿನ ಶಿವಾಲಯಗಳಲ್ಲಿ ಪ್ರದಕ್ಷಿಣೆ ಹಾಕುವಾಗ ಜನ ಚಂಡಿಕೇಶ್ವರನ ಸಣ್ಣ ಗುಡಿಯ ಮುಂದೆ ನಿಂತು ಮೆಲ್ಲಗೆ ಕೈ ತಟ್ಟುವುದನ್ನು ನೋಡಬಹುದು. "ಶಿವನ ಆಸ್ತಿಯಲ್ಲಿ ಏನನ್ನೂ ತೆಗೆದುಕೊಂಡು ಹೋಗುತ್ತಿಲ್ಲ, ನೋಡು" ಎಂದು ಖಾಲಿ ಕೈ ತೋರಿಸುವುದು ಅದರ ಅರ್ಥ ಎಂದು ಹೇಳುತ್ತಾರೆ.

ಹಾಗಂತ ಶಿವನ ಊರಿನಲ್ಲಿ ಊಟಕ್ಕೆ ಕೊರತೆಯಿಲ್ಲ. ಏಳನೇ ಶತಮಾನದ ಶೈವ ಸಂತ ತಿರುಜ್ಞಾನ ಸಂಬಂಧರ್ ಮೈಲಾಪುರದ ಮೇಲೆ ಹಾಡಿದ ಪದಿಗದಲ್ಲಿ ಇಲ್ಲಿನ ವರ್ಷದ ಹಬ್ಬಗಳ ಪಟ್ಟಿಯೇ ಇದೆ. ಹಾವು ಕಚ್ಚಿ ಸತ್ತ ಪೂಂಪಾವೈ ಎಂಬ ಹುಡುಗಿಯನ್ನು ಈ ಹಾಡಿನಿಂದ ಬದುಕಿಸಿದರು ಎಂಬುದು ಐತಿಹ್ಯ. ಆ ಪಟ್ಟಿಯಲ್ಲಿ ಮೊದಲು ಬರುವುದು ಶಿವಭಕ್ತರಿಗೆ ಊಟ ಬಡಿಸುವ ಸಂಭ್ರಮ.

ಈ ಸಂಭ್ರಮ ಇಂದಿಗೂ ನಿಂತಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಬರುವ ಪಂಗುನಿ ಉತ್ಸವದ ಎಂಟನೇ ದಿನ 63 ನಾಯನ್ಮಾರರ ಕಂಚಿನ ಮೂರ್ತಿಗಳು ಕಪಾಲೀಶ್ವರನ ಜೊತೆ ಮಾಡಬೀದಿಗಳಲ್ಲಿ ಮೆರವಣಿಗೆ ಹೊರಡುತ್ತವೆ. ಇದಕ್ಕೆ 'ಅರುಬತ್ತಿಮೂವರ್' ಉತ್ಸವ ಎಂದು ಹೆಸರು. ಅಂದು ಮೈಲಾಪುರದ ಮನೆಯವರು, ಅಂಗಡಿಯವರು, ಸಂಘಗಳು ಬೀದಿಯಲ್ಲೇ ನಿಂತು ಪುಳಿಯೋಗರೆ, ಮೊಸರನ್ನ, ಪಾನಕ, ನೀರುಮಜ್ಜಿಗೆ ಹಂಚುತ್ತಾರೆ. ಕೈ ಚಾಚಿದವರ ಜಾತಿ, ಊರು ಯಾರೂ ಕೇಳುವುದಿಲ್ಲ. ಲಿಂಗದ ಮುಂದೆ ಇಟ್ಟದ್ದು ಚಂಡಿಕೇಶ್ವರನಿಗೆ ಹೋದರೆ, ಶಿವನ ಹೆಸರಿನಲ್ಲಿ ಬೇಯಿಸಿದ್ದು ಇಡೀ ಊರಿಗೆ ಹೋಗುತ್ತದೆ.

ನಿಯಮ ಮುರಿದ ಕಣ್ಣಪ್ಪ

ಆ 63 ಮಂದಿಯಲ್ಲಿ ಒಬ್ಬ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅವನೇ ಬೇಡರ ಕಣ್ಣಪ್ಪ. ನಮ್ಮ ಹರಿಹರ ಕವಿ ಇವನ ಮೇಲೆ ರಗಳೆ ಬರೆದಿದ್ದಾನೆ. ಡಾ. ರಾಜ್‌ಕುಮಾರ್ ನಾಯಕನಾಗಿ ಮೊದಲು ಕಾಣಿಸಿಕೊಂಡಿದ್ದೂ ಇದೇ ಪಾತ್ರದಲ್ಲಿ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಿತು. ಅದರ ಬೆನ್ನಿಗೆ ನಿಂತಿದ್ದು ಮದ್ರಾಸಿನ ಎವಿಎಂ ಸಂಸ್ಥೆ.

ಕಾಳಹಸ್ತಿಯ ಕಾಡಿನ ಈ ಬೇಟೆಗಾರ ದೇವರಿಗೆ ಇಟ್ಟಿದ್ದು ಬೇಟೆಯ ಮಾಂಸ. ಅದನ್ನೂ ರುಚಿ ನೋಡಿ, ಒಳ್ಳೆಯ ತುಂಡುಗಳನ್ನು ಆರಿಸಿ ತಂದ. ಕೈಯಲ್ಲಿ ಬಿಲ್ಲು, ಮಾಂಸ ಇದ್ದುದರಿಂದ ಅಭಿಷೇಕದ ನೀರನ್ನು ಬಾಯಲ್ಲೇ ತುಂಬಿಕೊಂಡು ಬಂದ. ಪೂಜಾ ವಿಧಿಯ ಪ್ರಕಾರ ನೋಡಿದರೆ ಅವನು ಮಾಡಿದ್ದೆಲ್ಲ ತಪ್ಪೇ. ಆದರೆ ಶಿವಲಿಂಗದ ಕಣ್ಣಲ್ಲಿ ರಕ್ತ ಬಂದಾಗ ತನ್ನ ಕಣ್ಣನ್ನೇ ಕಿತ್ತಿಟ್ಟವನು ಅವನೊಬ್ಬನೇ.

ರುಚಿ ನೋಡಬಾರದು ಎಂದು ಹೇಳುವ ಸಂಪ್ರದಾಯವೇ ರುಚಿ ನೋಡಿ ಕೊಟ್ಟವನನ್ನೂ ಗುಡಿಯೊಳಗೆ ನಿಲ್ಲಿಸಿ ಪೂಜಿಸುತ್ತದೆ. ತನಗೆ ಇಷ್ಟವಾದದ್ದನ್ನು ಮೊದಲು ಬಿಟ್ಟುಕೊಡುವುದನ್ನು ಕಲಿಸಲು ನಿಯಮಗಳಿವೆ. ಕಣ್ಣಪ್ಪನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆಡಿ ತಿಂಗಳ 'ಕೂಳ್'

ದೊಡ್ಡ ದೇವಾಲಯಗಳನ್ನು ಬಿಟ್ಟು ಚೆನ್ನೈನ ಬೀದಿ ಬೀದಿಯ ಅಮ್ಮನ್ ಗುಡಿಗಳಿಗೆ ಬಂದರೆ ನೈವೇದ್ಯವೇ ಬೇರೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಡಿ ಮಾಸದಲ್ಲಿ ಮಾರಿಯಮ್ಮನಿಗೆ ರಾಗಿ ಅಂಬಲಿ ಅರ್ಪಿಸುತ್ತಾರೆ. ತಮಿಳಿನಲ್ಲಿ ಇದು 'ಕೂಳ್'. ಕನ್ನಡದ 'ಕೂಳು' ಇದರ ಒಡಹುಟ್ಟು. ರಾಗಿ ಹಿಟ್ಟನ್ನು ಹುಳಿ ಬರಿಸಿ, ನುಚ್ಚಕ್ಕಿ ಹಾಕಿ ದೊಡ್ಡ ಹಂಡೆಗಳಲ್ಲಿ ಕಾಯಿಸಿ, ಮಜ್ಜಿಗೆ, ಈರುಳ್ಳಿ ಬೆರೆಸಿ, ಅಮ್ಮನಿಗೆ ತೋರಿಸಿದ ಮೇಲೆ ಬಂದವರಿಗೆಲ್ಲ ಹೊಯ್ಯುತ್ತಾರೆ. ಬೇವಿನ ಸೊಪ್ಪು ಗುಡಿಯ ತುಂಬ ಇರುತ್ತದೆ.

ಮಾರಿಯಮ್ಮ ಸಿಡುಬಿನಂತಹ ಬೇನೆಗಳ ದೇವತೆ. ಅಮ್ಮನಿಗೆ ತಂಪು ಮಾಡಿದರೆ ಊರಿಗೆ ತಂಪು ಎಂಬುದು ನಂಬಿಕೆ. ಹಳೆಯ ದಾಸ್ತಾನು ಮುಗಿಯುತ್ತಾ ಬಂದು, ಹೊಸ ಬೆಳೆ ಇನ್ನೂ ಕೈಗೆ ಸಿಗದ ಕಾಲವದು. ಅಂತಹ ಹೊತ್ತಿನಲ್ಲಿ ಇದ್ದವರ ಮನೆಯ ಹಿಟ್ಟು ಗುಡಿಯ ಹಂಡೆ ಸೇರಿ ಇಲ್ಲದವರ ಹೊಟ್ಟೆಗೆ ಹೋಗುತ್ತದೆ.

ತೆಂಗಿನಕಾಯಿ, ಕರ್ಪೂರ, ವಡೆಮಾಲೆ, ಕುಂಬಳಕಾಯಿ

ಕೆಲವು ಅರ್ಪಣೆಗಳ ಅರ್ಥ ಜನರ ಬಾಯಲ್ಲೇ ಬೆಳೆದು ಬಂದಿದೆ. ಅವುಗಳಲ್ಲಿ ಮುಖ್ಯವಾದವು ಇಲ್ಲಿವೆ:

* ತೆಂಗಿನಕಾಯಿ: ಗಟ್ಟಿ ಚಿಪ್ಪು ಅಹಂಕಾರ, ಒಳಗಿನ ಬಿಳಿ ತಿರುಳು ಶುದ್ಧ ಮನಸ್ಸು. ಚಿಪ್ಪು ಒಡೆದರೆ ಮಾತ್ರ ತಿರುಳು ಸಿಗುತ್ತದೆ. ಒಡೆಯುವವರೆಗೂ ಒಳಗಿನದನ್ನು ಯಾರೂ ಮುಟ್ಟಿರುವುದಿಲ್ಲ. ಹಾಗಾಗಿ ಅದು ಎಂಜಲಾಗದ ಕಾಯಿ.

* ಕರ್ಪೂರ: ಉರಿದ ಮೇಲೆ ಬೂದಿಯನ್ನೂ ಉಳಿಸುವುದಿಲ್ಲ. 'ನಾನು' ಎಂಬುದು ಹಾಗೆ ಕರಗಬೇಕು ಎಂಬುದು ಆಶಯ. ಆದರೆ ಒಂದು ಎಚ್ಚರಿಕೆ: ಆರತಿಗೆ ಹಚ್ಚುವ ಕರ್ಪೂರ ತಿಂದರೆ ವಿಷ. ಪೊಂಗಲ್, ತೀರ್ಥಕ್ಕೆ ಚಿಟಿಕೆಯಷ್ಟು ಹಾಕುವ ಪಚ್ಚಕರ್ಪೂರವೇ ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

* ವಡೆಮಾಲೆ: ಚೆನ್ನೈನ ನಂಗನಲ್ಲೂರಿನ 32 ಅಡಿ ಎತ್ತರದ ಆಂಜನೇಯನಿಗೆ ಉದ್ದಿನ ವಡೆಯ ಹಾರ ಪ್ರಿಯ. ಉದ್ದು, ಮೆಣಸು ಹಾಕಿ ಗಟ್ಟಿಯಾಗಿ ಕರಿದ ವಡೆ ಬೇಗ ಕೆಡುವುದಿಲ್ಲ. ಹಾರ ಬಿಚ್ಚಿದರೆ ಒಂದೊಂದು ವಡೆ ಒಬ್ಬೊಬ್ಬರಿಗೆ ಹಂಚಲು ಸುಲಭ.

* ಬೂದುಗುಂಬಳ: ದೃಷ್ಟಿ ತೆಗೆಯಲು ಕುಂಕುಮ ತುಂಬಿ ಒಡೆಯುವ ಕುಂಬಳಕಾಯಿ ಪ್ರಾಣಿಬಲಿಯ ಬದಲಿಗೆ ಬಂದದ್ದು. ಕರ್ನಾಟಕದಲ್ಲಿ ಪ್ರಾಣಿಬಲಿಗೆ ತಡೆ ಹಾಕುವ ಕಾಯ್ದೆ 1959ರಿಂದ ಇದೆ. ತಮಿಳುನಾಡಿನಲ್ಲಿ 1950ರ ನಿಷೇಧ ಕಾಯ್ದೆಯನ್ನು 2003ರಲ್ಲಿ ಬಿಗಿಯಾಗಿ ಜಾರಿ ಮಾಡಲು ಹೊರಟಾಗ ಗ್ರಾಮದೇವತೆಗಳ ಭಕ್ತರಿಂದ ವಿರೋಧ ಬಂತು. 2004ರಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು. ಇನ್ನು ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆದು ಬಿಟ್ಟ ಕುಂಬಳಕಾಯಿ ಮೇಲೆ ಬೈಕ್ ಜಾರಿ ಬೀಳುವುದು ಚೆನ್ನೈ, ಬೆಂಗಳೂರು ಎರಡೂ ಕಡೆ ಇದ್ದದ್ದೇ. ತನ್ನ ಮನೆಯ ದೃಷ್ಟಿ ತೆಗೆಯಲು ಹೋಗಿ ಬೇರೆಯವರ ಕೈಕಾಲು ಮುರಿದರೆ ಅದು ಅರ್ಪಣೆ ಹೇಗಾದೀತು? ಒಡೆದ ಹೋಳುಗಳನ್ನು ಕೂಡಲೇ ಬದಿಗೆ ಸರಿಸಬೇಕು.

ಹಾಲಿನ ಅಭಿಷೇಕಕ್ಕೂ ಇದೇ ಮಾತು. ಗುಡಿಯಲ್ಲಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಪಂಚಾಮೃತ ಉದ್ಧರಣೆಯಲ್ಲಿ ಭಕ್ತರ ಅಂಗೈಗೆ ಬರುತ್ತದೆ. ಸಿನಿಮಾ ಕಟೌಟ್ ಮೇಲೆ ಸುರಿದ ಹಾಲು ಚರಂಡಿಗೆ ಹೋಗುತ್ತದೆ. ನೋಡಲು ಎರಡೂ ಅಭಿಷೇಕವೇ, ಆದರೆ ಒಂದು ಹಂಚಿಕೆಯಾಗುತ್ತದೆ, ಇನ್ನೊಂದು ವ್ಯರ್ಥವಾಗುತ್ತದೆ.

ಪ್ರಸಾದ ಎಲ್ಲರಿಗೂ ಸಿಗುತ್ತಿತ್ತೇ?

ಹಂಚಿ ತಿನ್ನುವುದೇ ನೈವೇದ್ಯದ ಅರ್ಥವಾದರೂ ಚರಿತ್ರೆಯಲ್ಲಿ ಅದು ಎಲ್ಲರ ಪಾಲಿಗೂ ನಿಜವಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಎಲ್ಲ ಹಿಂದೂಗಳಿಗೂ ದೇವಾಲಯದ ಬಾಗಿಲು ತೆರೆಯುವ ದೇವಾಲಯ ಪ್ರವೇಶ ಕಾಯ್ದೆ ಬಂದಿದ್ದು 1947ರಲ್ಲಿ. ಅಲ್ಲಿಯವರೆಗೆ ದಲಿತರಿಗೆ ಎಷ್ಟೋ ದೊಡ್ಡ ಗುಡಿಗಳ ಪ್ರಸಾದ ಇರಲಿ, ಒಳಗಿನ ದೀಪವೂ ಕಾಣುತ್ತಿರಲಿಲ್ಲ.

ಈ ಅನ್ಯಾಯವನ್ನು ಕನ್ನಡ ನಾಡಿನಲ್ಲಿ ಹನ್ನೆರಡನೇ ಶತಮಾನದ ಶರಣರೇ ಎತ್ತಿ ಆಡಿದ್ದರು. ಬಸವಣ್ಣನವರ ದಾಸೋಹದಲ್ಲಿ ಪ್ರಸಾದ ಕೊಡುವವನೂ ತೆಗೆದುಕೊಳ್ಳುವವನೂ ಸಮಾನರು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಮಠಗಳು ಬಡ ಮಕ್ಕಳಿಗಾಗಿ ನಡೆಸುವ ವಿದ್ಯಾರ್ಥಿ ನಿಲಯಗಳಿಗೆ 'ಪ್ರಸಾದ ನಿಲಯ' ಎಂಬ ಹೆಸರಿರುವುದು ಇದೇ ಕಾರಣಕ್ಕೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹ, ಧರ್ಮಸ್ಥಳದ ಅನ್ನಪೂರ್ಣ ಛತ್ರ ಇದೇ ದಾರಿಯಲ್ಲಿವೆ. ತಮಿಳುನಾಡು ಸರ್ಕಾರ ಕೂಡ 2002ರಲ್ಲಿ ದೇವಾಲಯಗಳಲ್ಲಿ ಮಧ್ಯಾಹ್ನದ ಅನ್ನದಾನ ಯೋಜನೆ ಶುರುಮಾಡಿತು.

ತುಪ್ಪದ ವಿವಾದ ಕಲಿಸಿದ ಪಾಠ

ನೈವೇದ್ಯದ ಬಗ್ಗೆ ಇತ್ತೀಚೆಗೆ ದೇಶವೇ ಮಾತನಾಡಿದ್ದು 2024ರ ಸೆಪ್ಟೆಂಬರ್‌ನಲ್ಲಿ. ತಿರುಪತಿ ಲಡ್ಡುವಿನ ತುಪ್ಪದಲ್ಲಿ ಕಲಬೆರಕೆ ಆರೋಪ ಬಂದಾಗ ಭಕ್ತರಿಗೆ ಆದ ನೋವು ಮಾಮೂಲಿ ಆಹಾರ ಕಲಬೆರಕೆಯ ಸಿಟ್ಟಿಗಿಂತ ದೊಡ್ಡದಾಗಿತ್ತು. ಅಕ್ಟೋಬರ್ 4ರಂದು ಸುಪ್ರೀಂ ಕೋರ್ಟ್ ಐವರು ಸದಸ್ಯರ ವಿಶೇಷ ತನಿಖಾ ತಂಡ ರಚಿಸಲು ಆದೇಶಿಸಿತು. ಅದರಲ್ಲಿ ಸಿಬಿಐ ಮತ್ತು ಆಂಧ್ರ ಪೊಲೀಸ್ ಇಲಾಖೆಯ ತಲಾ ಇಬ್ಬರು, ಆಹಾರ ಸುರಕ್ಷತಾ ಪ್ರಾಧಿಕಾರದ ಒಬ್ಬರು ಅಧಿಕಾರಿ ಇರಬೇಕೆಂದು ಕೋರ್ಟ್ ಹೇಳಿತು. ಕರ್ನಾಟಕದ ಮುಜರಾಯಿ ಇಲಾಖೆ ತನ್ನ ದೇವಾಲಯಗಳಲ್ಲಿ ನಂದಿನಿ ತುಪ್ಪವನ್ನೇ ಬಳಸುವಂತೆ ಸುತ್ತೋಲೆ ಹೊರಡಿಸಿತು.

ದೇವಾಲಯಗಳ ಅಡುಗೆಮನೆ, ಪ್ರಸಾದದ ಶುಚಿತ್ವ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಭೋಗ್' ಎಂಬ ಯೋಜನೆಯೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿದೆ. ಪ್ರಸಾದಕ್ಕೆ ಲ್ಯಾಬ್ ಟೆಸ್ಟ್ ಏಕೆ ಎಂದು ಕೇಳುವವರಿದ್ದಾರೆ. ಭಕ್ತ ಪ್ರಸಾದವನ್ನು ಪರೀಕ್ಷಿಸದೆ ಕಣ್ಣಿಗೊತ್ತಿಕೊಂಡು ತಿನ್ನುತ್ತಾನೆ. ಆ ನಂಬಿಕೆ ಇರುವುದರಿಂದಲೇ ಕೊಡುವವರ ಜವಾಬ್ದಾರಿ ದುಪ್ಪಟ್ಟು. ಪಲ್ಲವರ ಕಾಲದಲ್ಲಿ ಹೊಲ ಒತ್ತೆ ಹೋದಾಗ ಕಡಿದ ಕೊಂಡಿ ಇಂದು ತುಪ್ಪದ ಡಬ್ಬಿಯಲ್ಲಿ ಕಡಿಯಬಹುದು.

ಮನೆಯಲ್ಲಿ ನೈವೇದ್ಯ: ಇಷ್ಟು ನೆನಪಿಡಿ

* ದೊಡ್ಡ ಅಡುಗೆ ಬೇಕಿಲ್ಲ. ಒಂದು ಹಣ್ಣು, ಒಂದು ತುಂಡು ಬೆಲ್ಲ, ಒಂದು ಲೋಟ ಹಾಲು ಸಾಕು. ಅದೂ ಇಲ್ಲದಿದ್ದರೆ ಒಂದು ದಳ ತುಳಸಿ, ಒಂದು ಉದ್ಧರಣೆ ನೀರು.
* ದಿನದ ಅಡುಗೆಯನ್ನೇ ಊಟಕ್ಕೆ ಮೊದಲು ಸ್ವಲ್ಪ ತೆಗೆದಿಟ್ಟು ನೈವೇದ್ಯ ಮಾಡಬಹುದು.
* ಇಟ್ಟದ್ದನ್ನು ಒಣಗಲು ಬಿಡಬೇಡಿ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಎಲ್ಲರೂ ಹಂಚಿಕೊಳ್ಳಿ.
* ಹಂಚಲು ಪ್ಲಾಸ್ಟಿಕ್ ಕವರ್ ಬೇಡ, ದೊನ್ನೆ ಅಥವಾ ಬಾಳೆಲೆ ಬಳಸಿ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನಿಷೇಧವಿದೆ.
* ಮನೆಗೆಲಸದವರು, ಪಕ್ಕದ ಮನೆಯವರು, ವಾಚ್‌ಮನ್‌ಗೂ ಒಂದು ಪಾಲು ಇರಲಿ.

ಕೊನೆಯ ಅಂಶ ಪೂಜಾ ಪುಸ್ತಕಗಳಲ್ಲಿ ಇಲ್ಲದಿರಬಹುದು. ಆದರೆ ತಿರುವಲ್ಲಿಕ್ಕೇಣಿಯ ಪೊಂಗಲ್, ಮೈಲಾಪುರದ ಮಜ್ಜಿಗೆ, ಮಾರಿಯಮ್ಮನ ಅಂಬಲಿ ಹೇಳುವುದು ಅದನ್ನೇ. ದೇವರ ಮುಂದೆ ಇಡುವಾಗ 'ನನ್ನದಲ್ಲ' ಎಂದು ಹೇಳಿದ ಅನ್ನವನ್ನು, ಅಲ್ಲಿಂದ ತೆಗೆದ ಮೇಲೆ 'ನನಗೊಬ್ಬನಿಗೇ' ಎಂದು ಇಟ್ಟುಕೊಳ್ಳಲು ಬರುವುದಿಲ್ಲ.